ಹೊಟ್ಟೆ ಕಿರಿದಾದ ಮೇಲೆ ಊಟ ಎಷ್ಟು?

ತೂಕ ಇಳಿಸುವ ಆಪರೇಷನ್ ಮಾಡಿಸಿಕೊಂಡು ಮನೆಗೆ ಬಂದವರ ತಟ್ಟೆಯ ಮೇಲೆ ಎಲ್ಲರಿಗೂ ಕಣ್ಣು. ‘ಇಷ್ಟು ತಿಂದ್ರೆ ಜೀವ ನಿಲ್ಲುತ್ತಾ ಮಗಾ, ಇನ್ನೆರಡು ತುತ್ತು ತಿನ್ನು’ ಎಂದು ತಾಯಿ ಬೇಡಿಕೊಳ್ಳುತ್ತಾರೆ. ‘ಲಕ್ಷಗಟ್ಟಲೆ ಸುರಿದಿದ್ದೀಯ, ಬಾಯಿ ಕಟ್ಟು’ ಎಂದು ಭಾವನೋ ಚಿಕ್ಕಪ್ಪನೋ ಎಚ್ಚರಿಸುತ್ತಾರೆ. ಇಬ್ಬರದೂ ಕಾಳಜಿಯೇ, ಆದರೆ ಇಬ್ಬರ ಮಾತು ಕೇಳಿದರೂ ಅಪಾಯ. ಹೊಟ್ಟೆಯಲ್ಲಿ ಎಷ್ಟು ಹಿಡಿಯುತ್ತದೆ ಎಂಬುದಕ್ಕಿಂತ, ಇರುವ ಅಷ್ಟೇ ಜಾಗಕ್ಕೆ ಮೊದಲು ಏನು ಇಳಿಯಬೇಕು ಎಂಬ ಪ್ರಶ್ನೆ ದೊಡ್ಡದು. ಅದನ್ನು ಕೇಳುವವರು ಕಡಿಮೆ.

ಒಳಗೆ ಏನಾಗಿದೆ ಎಂಬುದು ಗೊತ್ತಿದ್ದರೆ ಮುಂದಿನದು ಸುಲಭ. ಈ ಆಪರೇಷನ್ನಿನಲ್ಲಿ ಕೊಬ್ಬನ್ನು ಹೀರಿ ತೆಗೆಯುವುದಿಲ್ಲ. ‘ಸ್ಲೀವ್’ ಎನ್ನುವ ವಿಧಾನದಲ್ಲಿ ಜಠರದ ಶೇ. 75ರಿಂದ 80ರಷ್ಟು ಭಾಗವನ್ನು ಕತ್ತರಿಸಿ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನ ಆಕಾರದ ಒಂದು ಕೊಳವೆ. ‘ಗ್ಯಾಸ್ಟ್ರಿಕ್ ಬೈಪಾಸ್’ನಲ್ಲಿ ಜಠರದ ಮೇಲ್ತುದಿಯಲ್ಲಿ ಸುಮಾರು 30 ಮಿಲಿಲೀಟರಿನ ಪುಟ್ಟ ಚೀಲ ಮಾಡಿ, ಅದಕ್ಕೆ ಸಣ್ಣ ಕರುಳನ್ನು ನೇರ ಜೋಡಿಸುತ್ತಾರೆ. ಉಳಿದ ಜಠರ ಒಳಗೇ ಇರುತ್ತದೆ, ತಿಂದದ್ದು ಮಾತ್ರ ಆ ದಾರಿಯಲ್ಲಿ ಹೋಗುವುದಿಲ್ಲ.

1966ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಎಡ್ವರ್ಡ್ ಮೇಸನ್ ಮತ್ತು ಚಿಕಾಶಿ ಇಟೊ ಮೊದಲ ಬೈಪಾಸ್ ಮಾಡಿದಾಗ, ಹುಣ್ಣಿನ ಕಾರಣಕ್ಕೆ ಜಠರದ ಒಂದು ಭಾಗ ಕಳೆದುಕೊಂಡವರು ಮತ್ತೆ ತೂಕ ಹೆಚ್ಚಿಸಿಕೊಳ್ಳಲು ಕಷ್ಟಪಡುವುದನ್ನು ಗಮನಿಸಿದ್ದೇ ಅವರಿಗೆ ದಾರಿ ತೋರಿಸಿತ್ತು. ಜಾಗ ಕಡಿಮೆಯಾದರೆ ಊಟ ಕಡಿಮೆ ಎಂಬ ಸರಳ ಲೆಕ್ಕ. ಈಗ ತಿಳಿದಿರುವುದು ಅದಕ್ಕಿಂತ ಹೆಚ್ಚು. ಹಸಿವೆಬ್ಬಿಸುವ ಗ್ರೆಲಿನ್ ಎಂಬ ಹಾರ್ಮೋನು ಹೆಚ್ಚಾಗಿ ತಯಾರಾಗುವುದು ಸ್ಲೀವ್‌ನಲ್ಲಿ ತೆಗೆದುಹಾಕುವ ಭಾಗದಲ್ಲೇ. ಸಾಕೆನ್ನಿಸುವ ಜಿಎಲ್‌ಪಿ-1 ಎಂಬ ಹಾರ್ಮೋನು ಆಪರೇಷನ್ ನಂತರ ಊಟವಾದ ಮೇಲೆ ಏರುತ್ತದೆ. ಇವತ್ತು ಎಲ್ಲರ ಬಾಯಲ್ಲಿರುವ ತೂಕ ಇಳಿಸುವ ಇಂಜೆಕ್ಷನ್ನುಗಳು ಅನುಕರಿಸುವುದು ಇದನ್ನೇ. ಹಾಗಾಗಿ ಮೊದಲ ಕೆಲವು ತಿಂಗಳು ಹಸಿವೆಂಬುದೇ ಗೊತ್ತಾಗದಿರಬಹುದು. ತಪ್ಪು ಕಲ್ಪನೆಗಳು ಹುಟ್ಟುವುದೂ ಇಲ್ಲಿಂದಲೇ.

‘ಹಸಿವಿಲ್ಲ ಅಂದ ಮೇಲೆ ಯಾಕೆ ತಿನ್ನಬೇಕು? ತಿನ್ನದಷ್ಟೂ ಬೇಗ ಇಳಿಯುತ್ತೆ.’

ಇಳಿಯುತ್ತದೆ, ನಿಜ. ಏನು ಇಳಿಯುತ್ತದೆ ಎಂಬುದನ್ನು ತೂಕದ ಯಂತ್ರ ಹೇಳುವುದಿಲ್ಲ. ಪ್ರೋಟೀನು ಸಾಲದೆ ಹೋದರೆ ದೇಹ ಕೊಬ್ಬಿನ ಜೊತೆಗೆ ಸ್ನಾಯುವನ್ನೂ ಕರಗಿಸುತ್ತದೆ. ಮೆಟ್ಟಿಲು ಹತ್ತಿದರೆ ತೊಡೆ ನಡುಗುವುದು, ಕೂತಲ್ಲಿಂದ ಏಳಲು ಕೈ ಊರಬೇಕಾಗುವುದು ಇದರ ಫಲ. ಮೂರರಿಂದ ಆರು ತಿಂಗಳ ನಡುವೆ ಕೂದಲು ಹಿಡಿಹಿಡಿಯಾಗಿ ಉದುರುವುದು ವೇಗವಾಗಿ ತೂಕ ಇಳಿದಾಗ ಹೇಗೂ ಆಗುವಂಥದ್ದು, ಸಾಮಾನ್ಯವಾಗಿ ಮತ್ತೆ ಬೆಳೆಯುತ್ತದೆ. ಪ್ರೋಟೀನು, ಕಬ್ಬಿಣ, ಸತು ಕಡಿಮೆಯಾದವರಲ್ಲಿ ಇದು ಇನ್ನೂ ಜೋರು.

ವೈದ್ಯರು ಸಾಮಾನ್ಯವಾಗಿ ಹೇಳುವುದು ದಿನಕ್ಕೆ 60ರಿಂದ 80 ಗ್ರಾಂ ಪ್ರೋಟೀನು. ನಮ್ಮ ಅಡುಗೆಯಲ್ಲಿ ಇದನ್ನು ಹೊಂದಿಸುವುದು ಹುಡುಗಾಟವಲ್ಲ. ಒಂದು ಇಡ್ಲಿಯಲ್ಲಿ ಸುಮಾರು 2 ಗ್ರಾಂ ಇರುತ್ತದೆ. ಒಂದು ಮೊಟ್ಟೆಯಲ್ಲಿ 6, ನೂರು ಮಿಲಿಲೀಟರ್ ಹಾಲಿನಲ್ಲಿ 3ಕ್ಕಿಂತ ತುಸು ಹೆಚ್ಚು, ಅರ್ಧ ಬಟ್ಟಲು ಗಟ್ಟಿ ತೊವ್ವೆಯಲ್ಲಿ 6-7, ನೂರು ಗ್ರಾಂ ಪನೀರಿನಲ್ಲಿ ಸುಮಾರು 18, ಅಷ್ಟೇ ಮೀನಿನಲ್ಲಿ ಸುಮಾರು 20 ಗ್ರಾಂ. ಕಾಯಿಲೆಯವರಿಗೆ ಎಂದು ಪ್ರೀತಿಯಿಂದ ತಿಳಿಸಾರು ಬಗ್ಗಿಸಿ ಕೊಡುತ್ತೇವಲ್ಲ, ಆಗ ಪ್ರೋಟೀನೆಲ್ಲ ಪಾತ್ರೆಯ ತಳದ ಬೇಳೆಯಲ್ಲೇ ಉಳಿಯುತ್ತದೆ. ಮೊದಲ ಒಂದೆರಡು ದಿನ ತಿಳಿ ದ್ರವವೇ ಸರಿ. ಆಮೇಲೂ ಅದನ್ನೇ ಮುಂದುವರಿಸಿದರೆ ರೋಗಿ ಸೊರಗುತ್ತಾರೆ. ಆರಂಭದ ವಾರಗಳಲ್ಲಿ ಆಹಾರದಿಂದಷ್ಟೇ ಈ ಲೆಕ್ಕ ತುಂಬುವುದು ಹೆಚ್ಚಿನವರಿಗೆ ಆಗದ ಮಾತು, ಅದಕ್ಕೇ ಪ್ರೋಟೀನ್ ಪುಡಿ ಬರೆದುಕೊಡುತ್ತಾರೆ. ‘ಅದು ಜಿಮ್ಮಿನವರಿಗೆ’ ಎಂದು ಪಕ್ಕಕ್ಕಿಡುವಂಥದ್ದಲ್ಲ.

ಗಟ್ಟಿ ಊಟ ಶುರುವಾದ ಮೇಲೆ ಬಡಿಸುವ ಕ್ರಮವನ್ನೂ ತಿರುಗಿಸಬೇಕು. ಮೊದಲು ಬೇಳೆ, ಮೊಟ್ಟೆ, ಪನೀರು ಅಥವಾ ಮೀನು, ಆಮೇಲೆ ಪಲ್ಯ, ಜಾಗ ಉಳಿದರೆ ಅನ್ನ. ಅನ್ನದಿಂದ ಶುರುಮಾಡಿದರೆ ನಾಲ್ಕನೇ ತುತ್ತಿಗೆ ಊಟ ಮುಗಿದಿರುತ್ತದೆ, ಬೇಕಾದದ್ದು ತಟ್ಟೆಯಲ್ಲೇ ಇರುತ್ತದೆ.

‘ವಾಂತಿ ಆಗ್ತಿದ್ರೆ ಒಂದು ಗ್ಲೂಕೋಸ್ ಹಾಕಿಸಿಕೊಂಡ್ರೆ ಸರಿಹೋಗುತ್ತೆ.’

ಎಲ್ಲ ಕಲ್ಪನೆಗಳಲ್ಲಿ ನನ್ನನ್ನು ಹೆಚ್ಚು ಹೆದರಿಸುವುದು ಇದು. ಥಯಮಿನ್, ಅಂದರೆ ಬಿ1 ಜೀವಸತ್ವ, ನಮ್ಮ ದೇಹದಲ್ಲಿ ಎರಡು ಮೂರು ವಾರಕ್ಕೆ ಸಾಲುವಷ್ಟು ಮಾತ್ರ ದಾಸ್ತಾನಿರುತ್ತದೆ. ಆಪರೇಷನ್ ನಂತರ ಪದೇ ಪದೇ ವಾಂತಿಯಾಗಿ ಏನೂ ನಿಲ್ಲದಿದ್ದರೆ ಅದು ಬೇಗ ಖಾಲಿಯಾಗುತ್ತದೆ. ಆಗ ಒಂದು ವಸ್ತು ಎರಡಾಗಿ ಕಾಣುವುದು, ನಡಿಗೆ ತೂರಾಡುವುದು, ಮನಸ್ಸು ಗೊಂದಲವಾಗುವುದು ಶುರುವಾಗಬಹುದು. ಇಂಥ ಹೊತ್ತಿನಲ್ಲಿ ಥಯಮಿನ್ ಕೊಡದೆ ಗ್ಲೂಕೋಸ್ ಏರಿಸಿದರೆ, ಗ್ಲೂಕೋಸನ್ನು ಬಳಸಲು ದೇಹ ಉಳಿದಿದ್ದ ಅಷ್ಟಿಷ್ಟು ಥಯಮಿನ್ನನ್ನೂ ಖರ್ಚುಮಾಡಿ, ಮೆದುಳಿಗೆ ಶಾಶ್ವತ ಹಾನಿಯಾಗುವ ಸಾಧ್ಯತೆಯಿದೆ. ಬೀದಿಯ ಕ್ಲಿನಿಕ್ಕಿಗೆ ಹೋಗಬೇಕಾಗಿ ಬಂದರೂ ‘ನನಗೆ ಹೊಟ್ಟೆಯ ತೂಕದ ಆಪರೇಷನ್ ಆಗಿದೆ’ ಎಂದು ಮೊದಲು ಹೇಳಿ; ಥಯಮಿನ್ ಬಗ್ಗೆ ಕೇಳಿ; ಆಪರೇಷನ್ ಮಾಡಿದ ತಂಡಕ್ಕೆ ಅವತ್ತೇ ಫೋನ್ ಮಾಡಿ.

‘ಹೊಟ್ಟೆ ತುಂಬಿದಾಗ ತಾನಾಗಿ ಗೊತ್ತಾಗುತ್ತೆ.’

ಗೊತ್ತಾಗುವ ಬಗೆ ಬದಲಾಗಿರುತ್ತದೆ. ಹಳೆಯ ಹಾಗೆ ಹೊಟ್ಟೆ ಭಾರವೆನ್ನಿಸುವುದಿಲ್ಲ. ಎದೆಗೂಡಿನ ಕೆಳಗೆ ಒತ್ತಿದಂತಾಗುತ್ತದೆ. ಕೆಲವರಿಗೆ ಬಿಕ್ಕಳಿಕೆ, ಕೆಲವರಿಗೆ ಸೀನು, ಕೆಲವರಿಗೆ ಇದ್ದಕ್ಕಿದ್ದಂತೆ ಮೂಗು ಸೋರುವುದು. ಅದು ನಿಲ್ಲಿಸು ಎಂಬ ಸೂಚನೆ. ಮೇಲೆ ಒಂದು ತುತ್ತು ಹಾಕಿದರೆ ನೋವು, ನೊರೆನೊರೆ ಎಂಜಲು, ವಾಂತಿ. ತಟ್ಟೆಯಲ್ಲಿ ಅನ್ನ ಬಿಡಬಾರದೆಂಬ ಪಾಠ ನಮಗೆಲ್ಲ ಚಿಕ್ಕಂದಿನಲ್ಲೇ ಆಗಿದೆ, ಅದಕ್ಕಾಗಿ ಬಡಿಸುವಾಗಲೇ ಸಣ್ಣ ಬಟ್ಟಲಲ್ಲಿ ಬಡಿಸುವುದು ಮೇಲು.

ಮಂಡ್ಯ, ಹಾಸನ, ತುಮಕೂರು ಕಡೆಯವರಿಗೆ ಒಂದು ಮಾತು. ಮುದ್ದೆಯನ್ನು ಅಗಿಯದೆ ನುಂಗುವುದು ನಮ್ಮ ಅಭ್ಯಾಸ. ಕಿರಿದಾದ ಹೊಟ್ಟೆ ಆ ಗುಕ್ಕನ್ನು ತಾಳಲಾರದು, ಅದು ಅಲ್ಲೇ ಸಿಕ್ಕಿಕೊಳ್ಳುತ್ತದೆ. ರಾಗಿಯನ್ನು ಬಿಡಬೇಕಾಗಿಲ್ಲ, ವೈದ್ಯರು ಒಪ್ಪಿದ ಹಂತದಲ್ಲಿ ಸಕ್ಕರೆ ಬೆರೆಸದ ತೆಳು ಗಂಜಿಯಾಗಿ ಕುಡಿಯಬಹುದು. ಮುದ್ದೆ ಸದ್ಯಕ್ಕೆ ದೂರವಿರಲಿ. ಮೆತ್ತಗಿನ ಬ್ರೆಡ್ಡು, ಅಂಟಂಟು ಅನ್ನ ಕೂಡ ಹಲವರಿಗೆ ಸಿಕ್ಕಿಕೊಳ್ಳುತ್ತದೆ. ಚಿಕ್ಕ ತುತ್ತು, ನುಣ್ಣಗಾಗುವವರೆಗೆ ಅಗಿಯುವುದು, ಒಂದು ಊಟಕ್ಕೆ ಇಪ್ಪತ್ತು ಮೂವತ್ತು ನಿಮಿಷ.

‘ಮೊದಲು ನಾಲ್ಕು ಚಮಚ ಸಾಕಾಗ್ತಿತ್ತು, ಈಗ ಒಂದು ಬಟ್ಟಲು ಹೋಗ್ತಿದೆ. ಹೊಟ್ಟೆ ಮತ್ತೆ ಹಿಗ್ಗಿತು.’

ಹೀಗೆ ಗಾಬರಿಯಾಗಿ ಊಟವನ್ನೇ ಬಿಡುವವರಿದ್ದಾರೆ. ಆಪರೇಷನ್ ಆದ ಹೊಸತರಲ್ಲಿ ಒಳಗೆ ಬಾವು ಇರುತ್ತದೆ. ಅದು ಇಳಿದಂತೆ ತಿನ್ನುವ ಪ್ರಮಾಣ ಏರುವುದು ಸಹಜ. ಆಸ್ಪತ್ರೆಯಿಂದ ಆಸ್ಪತ್ರೆಗೆ ವ್ಯತ್ಯಾಸವಿದ್ದರೂ ಸಾಮಾನ್ಯವಾಗಿ ಮೊದಲ ಎರಡು ವಾರ ದ್ರವ, ಆಮೇಲೆ ರುಬ್ಬಿದ ಆಹಾರ ಒಂದು ಹೊತ್ತಿಗೆ ಕೆಲವೇ ಚಮಚ, ನಂತರ ಮೆತ್ತಗಿನದು, ಎರಡು ತಿಂಗಳ ಹೊತ್ತಿಗೆ ಮಾಮೂಲಿ ಆಹಾರ ಅರ್ಧ ಬಟ್ಟಲು. ವರ್ಷದ ಹೊತ್ತಿಗೆ ಒಂದು ಬಟ್ಟಲು ಹಿಡಿದರೆ ಆಪರೇಷನ್ ಕೆಟ್ಟಿದೆ ಎಂದು ಅರ್ಥವಲ್ಲ. ಒಂದೆರಡು ವರ್ಷದಲ್ಲಿ ತೂಕ ಇಳಿಯುವುದು ನಿಂತು, ಸ್ವಲ್ಪ ಮರಳಿ ಬರುವುದೂ ಹಲವರಲ್ಲಿ ಕಾಣುವಂಥದ್ದು.

ಹಾದಿ ತಪ್ಪಿಸುವುದು ಬೇರೆ. ಚಕ್ಕುಲಿ, ಚುರುಮುರಿ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಐಸ್‌ಕ್ರೀಮು, ಮಿಲ್ಕ್‌ಶೇಕು, ಇವೆಲ್ಲ ಕರಗಿ ತಡೆಯಿಲ್ಲದೆ ಜಾರಿಹೋಗುತ್ತವೆ. ಸಾಕು ಎನ್ನಿಸುವ ಒತ್ತಡವೇ ಹುಟ್ಟುವುದಿಲ್ಲ. ಮುಕ್ಕಾಲು ಬಟ್ಟಲು ತೊವ್ವೆ ತಿನ್ನಲಾರದವರು ಸಂಜೆಯಿಂದ ರಾತ್ರಿಯವರೆಗೆ ಒಂದು ಡಬ್ಬಿ ಕೋಡುಬಳೆ ಮುಗಿಸಬಲ್ಲರು, ಅದೂ ತಾವು ಊಟವನ್ನೇ ಮಾಡಿಲ್ಲ ಎಂದು ನಂಬಿಕೊಂಡು.

ಊಟದ ಜೊತೆ ನೀರು, ಮಜ್ಜಿಗೆ ಬೇಡವೆನ್ನುವುದು ಜಾಗ ಉಳಿಸಲು. ಊಟವಾಗಿ ಅರ್ಧ ಗಂಟೆ ಬಿಟ್ಟು, ದಿನವಿಡೀ ಗುಟುಕು ಗುಟುಕಾಗಿ ಒಂದೂವರೆ ಲೀಟರ್ ಆದರೂ ಕುಡಿಯಬೇಕು. ಬೈಪಾಸ್ ಆದವರು ಹೋಳಿಗೆ, ಪಾಯಸ, ಹಣ್ಣಿನ ರಸದ ಬಗ್ಗೆ ಇನ್ನೂ ಎಚ್ಚರವಿರಬೇಕು. ಸಕ್ಕರೆ ಒಮ್ಮೆಗೇ ಕರುಳಿಗೆ ಇಳಿದು ಅರ್ಧ ಗಂಟೆಯೊಳಗೆ ಎದೆಬಡಿತ, ಬೆವರು, ಹೊಟ್ಟೆ ನುಲಿತ, ಭೇದಿ ಬರಬಹುದು. ಕೆಲವರಿಗೆ ಒಂದರಿಂದ ಮೂರು ಗಂಟೆಯ ಮೇಲೆ ರಕ್ತದ ಸಕ್ಕರೆ ಕುಸಿದು ತಲೆ ಸುತ್ತುತ್ತದೆ.

‘ಚೆನ್ನಾಗಿ ತಿನ್ನೋಕೆ ಶುರುಮಾಡಿದ್ದೀನಿ, ಮಾತ್ರೆ ಯಾಕೆ?’

ಬಿ12, ಕಬ್ಬಿಣ, ಕ್ಯಾಲ್ಸಿಯಂ, ಡಿ ಜೀವಸತ್ವದ ಮಾತ್ರೆಗಳು ಜೀವನಪೂರ್ತಿ. ಬಿ12 ಯಕೃತ್ತಿನಲ್ಲಿ ವರ್ಷಗಟ್ಟಲೆ ದಾಸ್ತಾನಿರುವುದರಿಂದ ನಿಲ್ಲಿಸಿದ ಕೂಡಲೇ ಏನೂ ಆಗುವುದಿಲ್ಲ, ಅದೇ ಮೋಸ. ಕಾಲು ಜೋಮು ಹಿಡಿಯುವ ಹೊತ್ತಿಗೆ ನರಕ್ಕೆ ಪೆಟ್ಟು ಬಿದ್ದಿರುತ್ತದೆ. ಮಾಂಸ, ಮೊಟ್ಟೆ ತಿನ್ನದವರಿಗೆ ಈ ಅಪಾಯ ಹೆಚ್ಚು. ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಬೇಡಿ, ನಡುವೆ ಎರಡು ಗಂಟೆ ಬಿಡಿ.

ಕೊನೆಗೆ, ‘ಬಸುರಿಯಾದರೆ ಇಬ್ಬರ ಊಟ ಉಣ್ಣಬೇಕು’ ಎಂಬ ಮಾತು. ಮಗು ಬೇಕೆಂದೇ ತೂಕ ಇಳಿಸಿಕೊಳ್ಳುವ ಹೆಣ್ಣುಮಕ್ಕಳು ನಮ್ಮಲ್ಲಿ ಈಗ ಹೆಚ್ಚುತ್ತಿದ್ದಾರೆ, ಆಪರೇಷನ್ ಆದ ಮೇಲೆ ಗರ್ಭ ನಿಲ್ಲುವ ಸಾಧ್ಯತೆಯೂ ಹೆಚ್ಚುತ್ತದೆ. ತೂಕ ವೇಗವಾಗಿ ಇಳಿಯುವ ಮೊದಲ 12ರಿಂದ 18 ತಿಂಗಳು ಕಾಯಲು ವೈದ್ಯರು ಹೇಳುವುದು, ಆಗ ತಾಯಿಗೇ ಸಾಲದ ಪೋಷಕಾಂಶವನ್ನು ಮಗುವೂ ಹಂಚಿಕೊಳ್ಳಬೇಕಾಗುವುದರಿಂದ. ಆಮೇಲೆ ಬಸುರಿಯಾದವರ ಮೇಲೆ ಎರಡು ಪಾಲಿನ ಊಟ ಹೇರಿದರೆ ವಾಂತಿಯಷ್ಟೇ ಬರುತ್ತದೆ. ಮೂರು ಊಟವನ್ನು ಐದಾರಾಗಿ ಹಂಚಿ, ಪ್ರತಿಯೊಂದರಲ್ಲೂ ಪ್ರೋಟೀನಿರುವಂತೆ ನೋಡಿಕೊಳ್ಳಿ. ಪ್ರತಿ ಮೂರು ತಿಂಗಳಿಗೊಮ್ಮೆ ರಕ್ತಪರೀಕ್ಷೆ ಮಾಡಿಸಿ. ಗರ್ಭಿಣಿಯರ ಸಕ್ಕರೆ ಪರೀಕ್ಷೆಗೆಂದು ಗ್ಲೂಕೋಸ್ ನೀರು ಕುಡಿಸಲು ಬಂದರೆ, ಆಪರೇಷನ್ ಆಗಿರುವುದನ್ನು ಹೇಳಿ. ಆ ನೀರು ಇಂಥವರಿಗೆ ಒಗ್ಗದಿರಬಹುದು. ಅದರ ಬದಲು ಒಂದು ವಾರ ಮನೆಯಲ್ಲೇ ಬೆರಳು ಚುಚ್ಚಿ ಸಕ್ಕರೆ ನೋಡಿಕೊಳ್ಳುವ ವಿಧಾನವಿದೆ.