ದೋಣಿಮನೆಗಳಲ್ಲಿ ಕಕ್ಕಸೂ ಮಲದ ತೊಟ್ಟಿಯೂ

(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು ಬರೆದುದು)

ನದಿಗಳ ಅಳಿವೆಗಳಲ್ಲಿ ದೋಣಿಮನೆಗಳನ್ನು ನಡೆಸಿ ಯಾತ್ರಿಕರಿಗೆ ಬಾಡಿಗೆಗೆ ಕೊಡುವುದು ಈಚೆಗೆ ನಮ್ಮ ಕರಾವಳಿಯ ಕೆಲವು ಜಮೀನುದಾರರಿಗೆ ಒಂದು ಉಪವೃತ್ತಿಯಾಗಿದೆ. ಗದ್ದೆಯ ಹುಟ್ಟುವಳಿಯೊಂದನ್ನೇ ನೆಚ್ಚದೆ ಬೇರೊಂದು ವರಮಾನವನ್ನು ಕಲ್ಪಿಸಿಕೊಳ್ಳುವುದು ಶ್ಲಾಘನೀಯವೇ ಸರಿ. ಆದರೆ ದೋಣಿಯ ಮಲಗುವ ಕೊಠಡಿಗೂ ಅಡಿಗೆಮನೆಗೂ ಧಾರಾಳವಾಗಿ ಹಣ ಹಾಕುವವರು ಕಕ್ಕಸಿನ ವಿಷಯದಲ್ಲಿ ಉದಾಸೀನರಾಗಿರುವುದು ಕಂಡುಬರುತ್ತದೆ. ವ್ಯವಸಾಯಕ್ಕೂ ದೋಣಿಯ ಕಕ್ಕಸಿಗೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ಕೆಲವು ವರ್ಷಗಳ ಕೆಳಗೆ ನನಗೂ ಅದು ತಿಳಿದಿರಲಿಲ್ಲ.

ಆಗ ಕರಾವಳಿಯ ಒಂದು ಗ್ರಾಮದ ಜಮೀನುದಾರರು, ತಮ್ಮ ಬದನೆ ಮೆಣಸಿನ ಗಿಡಗಳಿಗೆ ಏನೋ ರೋಗ ತಗಲಿದೆ, ಬಂದು ನೋಡಬೇಕು ಎಂದು ಹೇಳಿಕಳುಹಿಸಿದರು. ಹೋಗಿ ನೋಡಲಾಗಿ ಎಲೆಗಳ ಅಂಚು ಬೆಂಕಿ ತಾಕಿದಂತೆ ಕರಿಕಾಗಿದ್ದಿತು. ಹುಳುವಾಗಲಿ ಬೂಷ್ಟಾಗಲಿ ಎಲ್ಲಿಯೂ ಸಿಕ್ಕಲಿಲ್ಲ. ಸಾಲುಗಳ ಮಣ್ಣಿನ ಮೇಲೆ ಬೆಳ್ಳನೆಯ ಪೊರೆ ಕಟ್ಟಿದ್ದಿತು, ಅದು ಉಪ್ಪು. ವಿಚಾರಿಸಿದಾಗ ಅವರು, “ದೋಣಿಗೆ ಮಲದ ತೊಟ್ಟಿ ಹಾಕಿಸಿದೆ ಸ್ವಾಮಿ. ತುಂಬಿದ ಮೇಲೆ ಹೊಳೆಗೆ ಬಿಡಲು ಮನಸ್ಸು ಬರಲಿಲ್ಲ. ಒಳ್ಳೆಯ ಗೊಬ್ಬರವಲ್ಲವೇ ಎಂದು ತೋಟಕ್ಕೆ ಹೊಯ್ಯಿಸಿದೆ” ಎಂದರು. ಕಕ್ಕಸನ್ನು ತೊಳೆಯಲು ಅವರ ಆಳುಗಳು ಅಳಿವೆಯ ಉಪ್ಪುನೀರನ್ನೇ ಎತ್ತುತ್ತಿದ್ದರು. ಅವರ ಉದ್ದೇಶವು ಒಳ್ಳೆಯದು. ಕ್ರಮವು ಮಾತ್ರ ತಿಳಿಯದು. ದೋಣಿಯಲ್ಲಿ ತೊಟ್ಟಿ ಇಡುವುದಕ್ಕೆ ಮುಂಚೆ ಅದನ್ನು ಬರಿದುಮಾಡುವ ಸ್ಥಳವನ್ನು ದಡದಲ್ಲಿ ಗೊತ್ತುಮಾಡಬೇಕೆಂಬುದನ್ನು ನಾನು ಅಂದು ಕಲಿತೆನು. ಅದನ್ನೇ ಈ ಲೇಖನದಲ್ಲಿ ವಿವರಿಸುತ್ತೇನೆ.

೧. ಕುಟ್ಟನಾಡಿನ ನಿದರ್ಶನ

ದೋಣಿಮನೆಗಳಿಗೆ ಹೆಸರಾದುದು ಕೇರಳದ ಕುಟ್ಟನಾಡು. ಹಲಗೆಗಳನ್ನು ಮೊಳೆಯಿಲ್ಲದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಮಾಡುವ ‘ಕೆಟ್ಟುವಳ್ಳಂ’ ಎಂಬ ದೋಣಿಗಳು ಹಿಂದೆ ಅಲ್ಲಿಂದ ಭತ್ತವನ್ನೂ ಸಂಬಾರ ಪದಾರ್ಥಗಳನ್ನೂ ಸಾಗಿಸುತ್ತಿದ್ದುವು. ರಸ್ತೆಗಳಾದ ಮೇಲೆ ಅವುಗಳಿಗೆ ಕೆಲಸ ತಪ್ಪಿತು. ೧೯೯೦ರ ದಶಕದಿಂದ ಈಚೆಗೆ ಅವೇ ದೋಣಿಮನೆಗಳಾಗಿ ಮಾರ್ಪಟ್ಟುವು. ಅಲ್ಲಿಯ ಗದ್ದೆಗಳು ಸಮುದ್ರಮಟ್ಟಕ್ಕಿಂತ ಕೆಳಗಿರುವುದರಿಂದ ಏರಿ ಕಟ್ಟಿ, ಒಳಗಿನ ನೀರನ್ನು ಪಂಪಿನಿಂದ ಹೊರಕ್ಕೆ ಹಾಕಿ ಬೇಸಾಯ ಮಾಡುವರು. ಬೇಸಗೆಯಲ್ಲಿ ಉಪ್ಪುನೀರು ನುಗ್ಗದಂತೆ ತಣ್ಣೀರ್‌ಮುಕ್ಕಂ ಕಟ್ಟೆಯ ಬಾಗಿಲುಗಳನ್ನು ಮುಚ್ಚುತ್ತಾರೆ. ಆಗ ಉಪ್ಪು ಹೊರಗುಳಿಯುವುದು ನಿಜ. ಆದರೆ ಒಳಗಿನ ಕೊಳೆಯೂ ಹೊರಹೋಗದೆ ನಿಲ್ಲುತ್ತದೆ. ದೋಣಿಯ ಮಲವನ್ನು ಹೊಳೆಯು ಕೊಚ್ಚಿಕೊಂಡು ಹೋಗುವುದೆಂಬ ನಂಬಿಕೆಯು ಇಂಥಲ್ಲಿ ಸುಳ್ಳಾಗುತ್ತದೆ.

ನಮ್ಮಲ್ಲಿಯೂ ಉಬ್ಬರದ ನೀರು ಕೊಳೆಯನ್ನು ಹಿಂದಕ್ಕೆ ತರುತ್ತದೆ. ೨೦೨೪ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ಅಘನಾಶಿನಿಯ ಅಳಿವೆಯಲ್ಲಿ ಗಜನಿ ಭೂಮಿಯ ಕಗ್ಗ ಭತ್ತವೂ, ಬಳಚು ಹೆಕ್ಕಿ ಜೀವಿಸುವ ಕುಟುಂಬಗಳೂ ಆ ನೀರನ್ನೇ ಆಶ್ರಯಿಸಿವೆ. ಬಳಚು ನೀರನ್ನು ಸೋಸಿ ಆಹಾರ ಪಡೆಯುವ ಪ್ರಾಣಿ. ಆದಕಾರಣ ನೀರಿನಲ್ಲಿರುವ ರೋಗಾಣುಗಳು ಅದರ ದೇಹದಲ್ಲಿ ಕೂಡಿಬಿಡುತ್ತವೆ. ಇಂಥ ಅಳಿವೆಯಲ್ಲಿ ಒಂದು ದೋಣಿಯ ಅಲಕ್ಷ್ಯವು ನೂರು ಮನೆಯ ಊಟಕ್ಕೆ ಮುಟ್ಟುತ್ತದೆ.

೨. ತೊಟ್ಟಿಯ ಅಳತೆ

ನಾಲ್ವರು ಯಾತ್ರಿಕರೂ ಮೂವರು ಆಳುಗಳೂ ಇರುವ ದೋಣಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳೋಣ. ಒಬ್ಬನು ದಿನಕ್ಕೆ ಆರು ಸಾರಿ ಕಕ್ಕಸಿಗೆ ಹೋಗಿ ಪ್ರತಿಸಾರಿಯೂ ೨ ಲೀಟರು ನೀರನ್ನು ಹೊಯ್ದರೆ ೧೨ ಲೀಟರು. ಮಲಮೂತ್ರ ಸುಮಾರು ಒಂದೂವರೆ ಲೀಟರು. ಏಳು ಮಂದಿಗೆ ದಿನಕ್ಕೆ ಹೆಚ್ಚುಕಡಿಮೆ ೧೦೦ ಲೀಟರಾಯಿತು. ಎರಡು ದಿನದ ಪ್ರಯಾಣಕ್ಕೆ ೨೦೦ ಲೀಟರು; ಕಾಲುಭಾಗ ಬರಿದಾಗಿರಬೇಕಾದುದರಿಂದ ೨೭೦ ಲೀಟರಿನ ತೊಟ್ಟಿಯನ್ನು ಇಡತಕ್ಕದ್ದು. ಮನೆಗಳಲ್ಲಿರುವಂತೆ ಒಂದು ಸಾರಿಗೆ ೧೦ ಲೀಟರು ಸುರಿಯುವ ಕಕ್ಕಸನ್ನು ಇಟ್ಟರೆ ದಿನವೊಂದಕ್ಕೇ ೪೦೦ ಲೀಟರಿಗೆ ಮೇಲಾಗುವುದು. ಆದುದರಿಂದ ಸ್ವಲ್ಪ ನೀರಿಗೇ ತೊಳೆದುಹೋಗುವ ಇಳಿಜಾರಾದ ಬೋಗುಣಿಯೇ ದೋಣಿಗೆ ತಕ್ಕುದು. ಸ್ನಾನದ ನೀರನ್ನು ಇದರೊಡನೆ ಸೇರಿಸಬಾರದು. ಅದಕ್ಕೆ ಬೇರೆ ತೊಟ್ಟಿ ಇರಬೇಕು.

೨೦೦ ಲೀಟರಿನ ತೂಕವು ೨೦೦ ಕಿಲೋಗ್ರಾಂ, ಅಂದರೆ ೫೦ ಕಿಲೋಗ್ರಾಮಿನ ನಾಲ್ಕು ಅಕ್ಕಿಮೂಟೆ. ಇದನ್ನು ದೋಣಿಯ ಒಂದು ಪಕ್ಕಕ್ಕಿಟ್ಟರೆ ದೋಣಿ ವಾಲುತ್ತದೆ. ಆದಷ್ಟು ಕೆಳಗೆ, ನಡುಮಧ್ಯದಲ್ಲಿ, ಪಟ್ಟಿಗಳಿಂದ ಬಿಗಿದು ಕೂರಿಸಬೇಕು. ನೀರು ತುಳುಕಾಡದಂತೆ ತೊಟ್ಟಿಯೊಳಗೆ ಅಡ್ಡತಡೆಗಳಿರಬೇಕು.

೩. ತೊಟ್ಟಿ ಮತ್ತು ಕೊಳವೆಗಳು

ದಪ್ಪನಾದ ಪಾಲಿಥೀನಿನ ತೊಟ್ಟಿಯು ಉತ್ತಮ. ಸಾಧಾರಣ ಕಬ್ಬಿಣವು ಮೂತ್ರದಿಂದ ಬೇಗ ತುಕ್ಕು ಹಿಡಿದು ತೂತಾಗುವುದು. ದೋಣಿಗೆ ಕೂರಿಸುವುದಕ್ಕೆ ಮೊದಲು ತೊಟ್ಟಿಗೆ ನೀರು ತುಂಬಿ ಒಂದು ದಿನ ಬಿಟ್ಟು, ಸೋರುವುದೋ ಎಂದು ಪರೀಕ್ಷಿಸಬೇಕು. ತೊಟ್ಟಿಗೆ ನಾಲ್ಕು ದಾರಿಗಳು ಅವಶ್ಯಕ: ಕಕ್ಕಸಿನಿಂದ ಬರುವ ಕೊಳವೆ, ತಳದಿಂದ ದೋಣಿಯ ಮೇಲ್ಭಾಗಕ್ಕೆ ಬಂದು, ದಡದ ಪಂಪಿಗೆ ಜೋಡಿಸತಕ್ಕ ಒಂದೂವರೆ ಅಂಗುಲದ ಕೊಳವೆ, ಗಾಳಿಯ ಕೊಳವೆ, ಒಳಗನ್ನು ನೋಡಲು ತಿರುಪಿನ ಮುಚ್ಚಳ. ಎಷ್ಟು ತುಂಬಿದೆಯೆಂದು ತೋರಿಸುವ ಸೂಚಿಯಿದ್ದರೆ ಇನ್ನೂ ಒಳ್ಳೆಯದು.

ಕೊಳವೆಗಳು ಜೋತುಬೀಳದೆ ಒಂದೇ ಇಳಿಜಾರಿನಲ್ಲಿರಬೇಕು. ಜೋತುಬಿದ್ದಲ್ಲಿ ಮಲ ನಿಂತು ನಾತವು ರಬ್ಬರನ್ನೇ ಭೇದಿಸಿ ಹೊರಬರುವುದು. ಸಂಶಯವಿದ್ದರೆ ಬಿಸಿನೀರಿನಲ್ಲಿ ಅದ್ದಿದ ಶುಭ್ರವಾದ ಬಟ್ಟೆಯಿಂದ ಕೊಳವೆಯನ್ನು ಉಜ್ಜಿ ಮೂಸಿ ನೋಡಬೇಕು; ಬಟ್ಟೆ ನಾರಿದರೆ ಕೊಳವೆಯನ್ನು ಬದಲಾಯಿಸತಕ್ಕದ್ದು.

ಗಾಳಿಯ ಕೊಳವೆಯನ್ನು ಅನೇಕರು ಅಲಕ್ಷಿಸುತ್ತಾರೆ. ಗಾಳಿಯಾಡುವ ತಿಪ್ಪೆಯು ನಾರುವುದಕ್ಕಿಂತ ನೀರು ನಿಂತು ಕೊಳೆತ ತಿಪ್ಪೆಯು ಹೆಚ್ಚಾಗಿ ನಾರುವುದನ್ನು ರೈತರೆಲ್ಲರೂ ಬಲ್ಲರು. ತೊಟ್ಟಿಯ ನಿಯಮವೂ ಅದೇ. ಆದುದರಿಂದ ಈ ಕೊಳವೆಯು ಅಗಲವಾಗಿಯೂ ಮೋಟಾಗಿಯೂ ನೇರವಾಗಿಯೂ ಇರತಕ್ಕದ್ದು. ನಾತವನ್ನು ಅಡಗಿಸಲು ಫಾರ್ಮಾಲಿನ್ ಮೊದಲಾದ ಔಷಧಗಳನ್ನು ಸುರಿದರೆ ಮಲವನ್ನು ಕೊಳೆಯಿಸುವ ಉಪಕಾರಿ ಜೀವಾಣುಗಳೇ ಸಾಯುತ್ತವೆ.

೪. ತೊಳೆಯುವ ನೀರು

ಸಿಹಿನೀರನ್ನೇ ಬಳಸತಕ್ಕದ್ದು. ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದಾಗಿ, ೧೦೦ ಲೀಟರು ಸಮುದ್ರದ ನೀರಿನಲ್ಲಿ ಸುಮಾರು ಮೂರೂವರೆ ಕಿಲೋಗ್ರಾಂ ಉಪ್ಪಿರುತ್ತದೆ. ಅದು ಸೇರಿದ ಮಲವು ಎಂದೆಂದಿಗೂ ಗೊಬ್ಬರಕ್ಕೆ ಬಾರದು. ಎರಡನೆಯದಾಗಿ, ಕಡಲ ನೀರಿನಲ್ಲಿರುವ ಗಂಧಕದ ಲವಣಗಳಿಂದ ಕೊಳೆತ ಮೊಟ್ಟೆಯ ನಾತ ಹೆಚ್ಚುತ್ತದೆ. ಮೂರನೆಯದಾಗಿ, ಹೊಳೆಯ ನೀರನ್ನೆಳೆಯಲು ದೋಣಿಯ ಹೊಟ್ಟೆಯನ್ನು ನೀರಿನ ಮಟ್ಟದ ಕೆಳಗೆ ಕೊರೆಯಬೇಕಾಗುವುದು. ಅಂಥ ಕೊಳವೆಯನ್ನು ನೀರಿನ ಮಟ್ಟದ ಮೇಲಕ್ಕೆ ಕಮಾನಿನಂತೆ ಏರಿಸಿ ನೆತ್ತಿಯಲ್ಲಿ ಗಾಳಿಯ ಕವಾಟವನ್ನಿಡದಿದ್ದರೆ, ರಾತ್ರಿ ಎಲ್ಲರೂ ಮಲಗಿರುವಾಗ ನೀರು ತಾನಾಗಿ ಹರಿದುಬಂದು ದೋಣಿ ಮುಳುಗುವ ಅಪಾಯವುಂಟು. ಮಾಡಿನ ಮೇಲೆ ಸಿಹಿನೀರಿನ ತೊಟ್ಟಿಯಿದ್ದರೆ ತೂತಿನ ಅವಶ್ಯಕತೆಯೇ ಇಲ್ಲ.

೫. ದಡದ ಏರ್ಪಾಟು

ಗ್ರಾಮದ ಹಿರಿಯರು ಮುಖ್ಯವಾಗಿ ಗಮನಿಸಬೇಕಾದುದು ಇದು. ಬರಿದುಮಾಡಲು ಸ್ಥಳವಿಲ್ಲದ ತೊಟ್ಟಿಯನ್ನು ಆಳುಗಳು ಕತ್ತಲೆಯಲ್ಲಿ ಹೊಳೆಗೆ ಬಿಡುವರು. ತಪ್ಪು ಅವರದಲ್ಲ, ಏರ್ಪಾಟು ಮಾಡದ ನಮ್ಮದು. ೨೦೨೧ರ ಒಳನಾಡ ನೌಕೆಗಳ ಅಧಿನಿಯಮವು ಯಂತ್ರದ ದೋಣಿಗಳು ನೀರನ್ನು ಕೆಡಿಸುವುದನ್ನು ನಿಷೇಧಿಸಿ, ಕಲ್ಮಷವನ್ನು ದಡದಲ್ಲಿ ಸ್ವೀಕರಿಸುವ ವ್ಯವಸ್ಥೆಯನ್ನೂ ವಿಧಿಸುತ್ತದೆ. ಒಂದು ಕಡವಿನ ದೋಣಿಗಳ ಒಡೆಯರೆಲ್ಲರೂ ಕೂಡಿ, ಪಂಚಾಯಿತಿಯ ಮೂಲಕ ಒಂದು ಪಂಪನ್ನೂ ಮಲವನ್ನು ಸಾಗಿಸುವ ಗಾಡಿಯನ್ನೂ ಗೊತ್ತುಮಾಡಿ, ಸಮೀಪದ ಶುದ್ಧೀಕರಣದ ಸ್ಥಾವರಕ್ಕೆ ಕಳುಹಿಸುವುದು ಎಲ್ಲಕ್ಕಿಂತ ಮೇಲು. ಕರಾವಳಿಯಲ್ಲಿ ಅಂತರ್ಜಲವು ಮೇಲೆಯೇ ಇರುವುದರಿಂದ ಬರಿಯ ಮಣ್ಣಿನ ಗುಂಡಿ ತೋಡಿ ಸುರಿದರೆ ಬಾವಿಗಳು ಕೆಡುವುವು.

ಹಸಿಯ ಮಲವನ್ನು ಯಾವ ಬೆಳೆಗೂ ಹಾಕಲಾಗದು. ಜಂತುಹುಳುವಿನ ಮೊಟ್ಟೆಗಳು ಮಣ್ಣಿನಲ್ಲಿ ಬಹುತಿಂಗಳು ಬದುಕಿರುವುವು. ಸಿಹಿನೀರಿನಿಂದ ತೊಳೆದ ಮಲದ ಹೂಳನ್ನು ಒಣಗಿಸಿ, ಹೊಸದನ್ನು ಬೆರೆಸದೆ ಒಂದು ವರ್ಷಕ್ಕೂ ಮೇಲ್ಪಟ್ಟು ಇಟ್ಟ ಮೇಲೆಯೇ ತೆಂಗಿನ ಬುಡಕ್ಕೂ ಮೇವಿನ ಬೆಳೆಗೂ ಮಣ್ಣಿನಲ್ಲಿ ಬೆರೆಸಿ ಹಾಕಬಹುದು. ಹಸಿಯಾಗಿ ತಿನ್ನುವ ಸೊಪ್ಪುತರಕಾರಿಗೆ ಆಗಲೂ ಬೇಡ.

ಕೊನೆಯದಾಗಿ ಒಂದು ಎಚ್ಚರಿಕೆ. ತೊಟ್ಟಿಯಲ್ಲಾಗಲಿ ದಡದ ಗುಂಡಿಯಲ್ಲಾಗಲಿ ಮನುಷ್ಯನನ್ನು ಇಳಿಸಕೂಡದು. ಅಲ್ಲಿಯ ವಿಷವಾಯುವು ಹೆಚ್ಚಾದಾಗ ಮೂಗು ವಾಸನೆಯನ್ನೇ ಅರಿಯದಾಗುತ್ತದೆ. ನಾತವಿಲ್ಲವೆಂದು ಇಳಿದವನು ಮೇಲಕ್ಕೆ ಬರುವುದಿಲ್ಲ, ಅವನನ್ನೆತ್ತಲು ಹೋದವನೂ ಬರುವುದಿಲ್ಲ. ೨೦೧೩ರ ಕಾನೂನು ಇದನ್ನು ಅಪರಾಧವೆಂದು ವಿಧಿಸಿದೆ. ಕಾನೂನಿಲ್ಲದಿದ್ದರೂ ಇದು ಅಪರಾಧವೇ.

ಮೇಲೆ ಹೇಳಿದ ಜಮೀನುದಾರರು ಮಳೆಗಾಲದಲ್ಲಿ ಉಪ್ಪು ತೊಳೆದುಹೋದ ಮೇಲೆ ಅದೇ ಸಾಲುಗಳಲ್ಲಿ ಮತ್ತೆ ಬದನೆಯನ್ನಿಟ್ಟರು. ಗಿಡಗಳು ಚೆನ್ನಾಗಿ ಬಂದುವು. ಈಗ ಅವರ ದೋಣಿಯ ಮಾಡಿನ ಮೇಲೆ ಸಿಹಿನೀರಿನ ತೊಟ್ಟಿಯಿದೆ. ವಾರಕ್ಕೆ ಮೂರು ಸಾರಿ ಪಂಪಿನ ಗಾಡಿ ಕಡವಿಗೆ ಬರುತ್ತದೆ. ದೋಣಿಯನ್ನು ಕೊಳ್ಳಲು ಹೊರಟಿರುವ ಇತರ ಮಹನೀಯರು ಮೊದಲು ದಡದ ಏರ್ಪಾಟನ್ನು ಮುಗಿಸಿಕೊಂಡು, ಅನಂತರ ಬಡಗಿಯನ್ನು ಕರೆಯಿಸಬೇಕೆಂದು ಪ್ರಾರ್ಥಿಸುತ್ತೇನೆ.