ವಾಣಿಜ್ಯ ಪತ್ರಗಳಲ್ಲಿನ ಸಂಕ್ಷೇಪಾಕ್ಷರಗಳು

ವರ್ತಕರ ಬಿಲ್ಲಿನ ಕೆಳಮೂಲೆಯಲ್ಲಿ 'ಇ. ಅಂಡ್ ಓ.ಇ.' ಎಂದು ಅಚ್ಚು ಹಾಕಿಸುವುದು ಹಳೆಯ ವಾಡಿಕೆ. ಅದನ್ನು ಮುದ್ರಣಾಲಯದ ಹೆಸರೆಂದು ಭಾವಿಸಿದವರೂ ಉಂಟು. 'ಎರರ್ಸ್ ಅಂಡ್ ಒಮಿಷನ್ಸ್ ಎಕ್ಸೆಪ್ಟೆಡ್', ಅಂದರೆ ತಪ್ಪು ಮತ್ತು ಲೋಪಗಳನ್ನು ತಿದ್ದುವ ಹಕ್ಕನ್ನು ಕಾಯ್ದಿರಿಸಿದೆ ಎಂಬುದು ಅದರ ಅರ್ಥ. ದರ ಬರೆಯುವಲ್ಲಿ, ಮೊತ್ತ ಕೂಡುವಲ್ಲಿ ಆದ ಕೈತಪ್ಪನ್ನು ಗಿರಾಕಿಯೊಡನೆ ಸರಿಪಡಿಸಿಕೊಳ್ಳಲು ಅದು ನೆರವಾದೀತು. ತೆರಿಗೆ ಇಲಾಖೆಯೆದುರು ರಕ್ಷಣೆಯಾಗದು. ಬಿಲ್ಲಿನಲ್ಲಿ ತೆರಿಗೆ ಹೆಚ್ಚಾಗಿ ನಮೂದಾಗಿದ್ದರೆ ಜಿ.ಎಸ್.ಟಿ. ಕಾಯಿದೆಯ 34ನೆಯ ಪ್ರಕರಣದಂತೆ ಕ್ರೆಡಿಟ್ ನೋಟನ್ನೇ ನೀಡಬೇಕು.

'ಪಿ.ಪಿ.' ಎಂಬುದು ಲ್ಯಾಟಿನ್ ಮೂಲದ್ದು. ಮತ್ತೊಬ್ಬರ ಪರವಾಗಿ, ಅವರ ಅಧಿಕಾರದ ಮೇರೆಗೆ ಸಹಿ ಮಾಡಲಾಗಿದೆ ಎಂದು ಸೂಚಿಸುತ್ತದೆ. 'ಫಾರ್' ಎಂದು ಬರೆದು ಸಂಸ್ಥೆಯ ಹೆಸರನ್ನು ಕಾಣಿಸುವುದೂ ಇದೇ ಉದ್ದೇಶಕ್ಕೆ. ಹುಂಡಿ, ಚೆಕ್ಕು ಅಥವಾ ಪ್ರಾಮಿಸರಿ ನೋಟಿನ ಮೇಲೆ ಪ್ರತಿನಿಧಿಯೆಂದು ಸೂಚಿಸದೆ ಬರಿದೆ ತನ್ನ ಹೆಸರನ್ನು ಬರೆದ ಗುಮಾಸ್ತನು, 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 28ನೆಯ ಪ್ರಕರಣದಂತೆ, ಸಾಮಾನ್ಯವಾಗಿ ತಾನೇ ಹೊಣೆಗಾರನಾಗುತ್ತಾನೆ.

ಕರಾರುಗಳಲ್ಲಿ 'ಐ.ಇ.' ಮತ್ತು 'ಇ.ಜಿ.' ಅದಲುಬದಲಾಗುವುದು ಸಾಮಾನ್ಯ. ಮೊದಲನೆಯದು 'ಅಂದರೆ', ಎರಡನೆಯದು 'ಉದಾಹರಣೆಗೆ'. 'ಪ್ಯಾಕಿಂಗ್ ಸಾಮಗ್ರಿ, ಐ.ಇ. ಗೋಣಿಚೀಲ' ಎಂದು ಬರೆದ ಮೇಲೆ ರಟ್ಟಿನ ಪೆಟ್ಟಿಗೆಯ ವೆಚ್ಚವನ್ನು ಕೇಳುವುದು ಕಷ್ಟ.

ಇವೆಲ್ಲಕ್ಕಿಂತ ದುಬಾರಿಯಾದ ತಪ್ಪುಗ್ರಹಿಕೆ 'ಸಿ.ಐ.ಎಫ್.' ಕುರಿತದ್ದು. ಸರಕಿನ ಬೆಲೆ, ವಿಮೆ, ಹಡಗಿನ ಬಾಡಿಗೆ ಎಂಬ ಮೂರೂ ಅದರಲ್ಲಿ ಅಡಕ. ಐವರಿ ಕೋಸ್ಟಿನ ಅಬಿಜಾನ್ ಬಂದರಿನಿಂದ ಕಚ್ಚಾ ಗೋಡಂಬಿಯನ್ನು 'ಸಿ.ಐ.ಎಫ್. ಮಂಗಳೂರು' ಎಂದು ಖರೀದಿಸುವ ಕಾರ್ಖಾನೆದಾರರು, ಸರಕು ಮಂಗಳೂರು ಮುಟ್ಟುವವರೆಗಿನ ನಷ್ಟವೆಲ್ಲ ಮಾರಾಟಗಾರನದೆಂದು ನಂಬಿದರೆ ಮೋಸಹೋಗುತ್ತಾರೆ. ಬಾಡಿಗೆ ಮತ್ತು ವಿಮೆಯ ಕಂತನ್ನು ಕಟ್ಟುವವನು ಮಾರಾಟಗಾರನೇ. ಆದರೆ ಸರಕು ಅಬಿಜಾನಿನಲ್ಲಿ ಹಡಗನ್ನೇರಿದ ಕ್ಷಣದಿಂದ ನಷ್ಟಭಯ ಖರೀದಿದಾರನ ಪಾಲಿಗೆ ಬರುತ್ತದೆ. ಈ ವಿಷಯದಲ್ಲಿ ಅದು 'ಎಫ್.ಓ.ಬಿ.'ಯಂತೆಯೇ. ಮೇಲಾಗಿ, ಬೇರೆ ಒಪ್ಪಂದವಿಲ್ಲದಿದ್ದರೆ ಮಾರಾಟಗಾರನು ಮಾಡಿಸಬೇಕಾದ ವಿಮೆ ಕನಿಷ್ಠ ದರ್ಜೆಯದು, ಅಂದರೆ 'ಸಿ' ಷರತ್ತುಗಳದ್ದು. ಕಳ್ಳತನವಾಗಲಿ, ಹಡಗಿನೊಳಗೆ ಸಮುದ್ರದ ನೀರು ನುಗ್ಗಿ ಚೀಲ ತೊಯ್ದದ್ದಾಗಲಿ ಅದರ ವ್ಯಾಪ್ತಿಗೆ ಬರುವುದಿಲ್ಲ. ವಿಶಾಲವಾದ 'ಎ' ಷರತ್ತುಗಳು ಬೇಕೆಂದು ಕರಾರಿನಲ್ಲೇ ಬರೆಯಿಸಿಕೊಳ್ಳುವುದು ಜಾಣತನ. ಮಂಗಳೂರಿನವರೆಗಿನ ನಷ್ಟಭಯವನ್ನು ಮಾರಾಟಗಾರನೇ ಹೊರಬೇಕೆಂದಿದ್ದರೆ 'ಡಿ.ಎ.ಪಿ.' ಎಂಬ ಬೇರೊಂದು ಷರತ್ತು ಇದೆ. ಬೆಲೆ ತುಸು ಏರಬಹುದು. ಈ ಸಂಕ್ಷೇಪಗಳ ಅರ್ಥವನ್ನು ಅಂತರರಾಷ್ಟ್ರೀಯ ವಾಣಿಜ್ಯ ಮಂಡಳಿಯು 1936ರಿಂದ ಪ್ರಕಟಿಸಿ, ಆಗಾಗ ಪರಿಷ್ಕರಿಸುತ್ತ ಬಂದಿರುವುದರಿಂದ, ಷರತ್ತಿನ ಮುಂದೆ 'ಇನ್‌ಕೋಟರ್ಮ್ಸ್ 2020' ಎಂದು ಆವೃತ್ತಿಯನ್ನೂ ನಮೂದಿಸತಕ್ಕದ್ದು.