ಹಳೇ ಗಾಡಿ ದಾನ ಕೊಟ್ಟರೆ ಟ್ಯಾಕ್ಸ್ ಉಳಿಯುತ್ತದೆಯೇ?



ಮಾರ್ಚ್ ತಿಂಗಳು ಬಂತೆಂದರೆ ನಮ್ಮ ಹೋಟೆಲಿನವರ ಬಾಯಲ್ಲಿ ಒಂದೇ ಮಾತು, ಟ್ಯಾಕ್ಸ್ ಎಲ್ಲಿ ಉಳಿಸಬಹುದು ಎಂದು. ಆಗ ಕಣ್ಣಿಗೆ ಬೀಳುವುದು ಹಿಂದಿನ ಗಲ್ಲಿಯಲ್ಲಿ ನಿಂತಿರುವ ಹಳೇ ಓಮ್ನಿ ಅಥವಾ ಟೆಂಪೋ. ತರಕಾರಿ ಮಾರ್ಕೆಟಿಗೆ, ಮದುವೆ ಆರ್ಡರಿಗೆ ವರ್ಷಗಟ್ಟಲೆ ದುಡಿದ ಗಾಡಿ. ಮಾರಿದರೆ ದೊಡ್ಡ ಹಣ ಬರುವುದಿಲ್ಲ. ಯಾವುದಾದರೂ ಅನಾಥಾಶ್ರಮಕ್ಕೆ ಕೊಟ್ಟರೆ ಪುಣ್ಯವೂ ಬಂತು, 80ಜಿ ರಸೀದಿಯೂ ಬಂತು ಎಂದು ನಾವು ಲೆಕ್ಕ ಹಾಕುತ್ತೇವೆ. ಅಮೆರಿಕದಲ್ಲಿರುವ ಮಕ್ಕಳು, ಅಳಿಯಂದಿರು ಸಹ ಇಲ್ಲಿ ಡಿಸೆಂಬರಿನಲ್ಲಿ ತುಂಬಾ ಜನ ಹಾಗೆ ಮಾಡುತ್ತಾರೆ ಎಂದು ಫೋನಿನಲ್ಲಿ ಹೇಳುತ್ತಾರೆ.

ಅವರು ಹೇಳುವುದು ಸುಳ್ಳಲ್ಲ. ಅಲ್ಲಿ ವರ್ಷ ಮುಗಿಯುವುದು ಡಿಸೆಂಬರ್ 31ಕ್ಕೆ, ಅದರೊಳಗೆ ಕಾರು ದಾನ ಕೊಟ್ಟವರಿಗೆ ರಿಯಾಯಿತಿ ಉಂಟು. ಆದರೆ ಅಲ್ಲಿಯೂ 2005ರಿಂದ ಕಾನೂನು ಬಿಗಿಯಾಗಿದೆ. ಹಳೇ ಕಾರಿಗೆ ನಾವೇ ದೊಡ್ಡ ಬೆಲೆ ಬರೆದುಕೊಳ್ಳುವ ಹಾಗಿಲ್ಲ. 500 ಡಾಲರಿಗಿಂತ ಹೆಚ್ಚು ಕೇಳುವುದಾದರೆ, ಸಾಮಾನ್ಯವಾಗಿ ಸಂಸ್ಥೆಯವರು ಆ ಕಾರನ್ನು ಎಷ್ಟಕ್ಕೆ ಮಾರಿದರೋ ಅಷ್ಟೇ ರಿಯಾಯಿತಿ.

ನಮ್ಮ ದೇಶದ ಕಾನೂನು ಇನ್ನೂ ನೇರ. ಹಣದ ರೂಪದಲ್ಲಿ ಕೊಟ್ಟ ದಾನಕ್ಕೆ ಮಾತ್ರ 80ಜಿ ಸಿಗುತ್ತದೆ, ವಸ್ತುವಿಗೆ ಇಲ್ಲ. ಗಾಡಿಗೂ ಇಲ್ಲ, ಅಕ್ಕಿ ಮೂಟೆಗೂ ಇಲ್ಲ, ಹಳೇ ಫ್ರಿಜ್ಜು, ಪಾತ್ರೆಗಳಿಗೂ ಇಲ್ಲ. ನಾವು ಆಶ್ರಮಕ್ಕೆ ಕಳಿಸುವ ಊಟಕ್ಕೂ ಇಲ್ಲ. ಆಶ್ರಮದವರು ರಸೀದಿಯಲ್ಲಿ ‘ಒಂದು ವ್ಯಾನ್, ಬೆಲೆ ಇಷ್ಟು’ ಎಂದು ಬರೆದುಕೊಟ್ಟರೂ ಟ್ಯಾಕ್ಸಿನ ಲೆಕ್ಕಕ್ಕೆ ಅದು ಬರುವುದಿಲ್ಲ. (1961ರ ಕಾಯ್ದೆಯಲ್ಲಿ ಇದು ಸೆಕ್ಷನ್ 80ಜಿ. 2026ರ ಏಪ್ರಿಲ್ 1ರಿಂದ ಅನ್ವಯವಾಗುವ 2025ರ ಹೊಸ ಕಾಯ್ದೆಯಲ್ಲಿ ಸೆಕ್ಷನ್ ನಂಬರು ಬೇರೆ. ಅಭ್ಯಾಸದಂತೆ 80ಜಿ ಎಂದೇ ಹೇಳೋಣ.)

ನಾವೂ ಈ ತಪ್ಪು ಮಾಡಿದವರೇ. ಕೆಲವು ವರ್ಷದ ಹಿಂದೆ ನಮ್ಮ ಓಮ್ನಿಯನ್ನು ಒಂದು ಆಶ್ರಮಕ್ಕೆ ಕೊಟ್ಟೆವು. ಕುಂಕುಮ ಹಚ್ಚಿ, ಕಾಯಿ ಒಡೆದು, ಕೀ ಕೊಟ್ಟು ಫೋಟೋ ತೆಗೆಸಿಕೊಂಡೆವು. ರಸೀದಿ ನೋಡಿದ ಸಿ.ಎ. ಅದನ್ನು ಪಕ್ಕಕ್ಕಿಟ್ಟರು. ಹೋಗಲಿ, ಪುಣ್ಯವಾದರೂ ಬಂತಲ್ಲ ಎಂದುಕೊಂಡೆವು. ಆದರೆ ಆರ್.ಸಿ. ಬುಕ್ಕು ನಮ್ಮ ಹೆಸರಿನಲ್ಲೇ ಉಳಿದಿತ್ತು. ಮುಂದಿನ ವಾರ ಮಾಡಿಸುತ್ತೇವೆ ಎಂದ ಅವರು ಮಾಡಿಸಲಿಲ್ಲ, ನಾವೂ ಕೇಳಲಿಲ್ಲ. ಒಂದೂವರೆ ವರ್ಷವಾದ ಮೇಲೆ ನಮಗೆ ನೋಟೀಸು ಬಂತು. ಆ ಗಾಡಿ ಒಬ್ಬ ಸೈಕಲ್ ಸವಾರನಿಗೆ ತಾಗಿ ಅವನ ಕಾಲು ಮುರಿದಿತ್ತು. ವಿಮೆ ಎಂದೋ ಮುಗಿದಿತ್ತು. ಪರಿಹಾರದ ಕೇಸಿನಲ್ಲಿ ಮಾಲೀಕರ ಜಾಗದಲ್ಲಿ ನಮ್ಮ ಹೆಸರು. ದಾನ ಕೊಟ್ಟಾಗಿದೆ ಎಂದರೆ ಕೇಳುವವರಿಲ್ಲ. ಆರ್.ಟಿ.ಓ. ದಾಖಲೆಯಲ್ಲಿ ಯಾರ ಹೆಸರು ಉಂಟೋ ಅವರೇ ಮಾಲೀಕರು, ಪರಿಹಾರಕ್ಕೆ ಅವರೇ ಹೊಣೆ ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟವಾಗಿ ಹೇಳಿದೆ. ಕೊನೆಗೆ ರಾಜಿಯಲ್ಲಿ ಮುಗಿಯಿತು, ಆದರೆ ಗಾಡಿಯ ಬೆಲೆಗಿಂತ ಹೆಚ್ಚು ಹಣ ನಮ್ಮ ಕೈಯಿಂದ ಹೋಯಿತು. ಆ ಬಡವನ ಕಾಲು ಮೊದಲಿನಂತೆ ಆಗಲಿಲ್ಲ. ಅದು ಇಂದಿಗೂ ಮನಸ್ಸಿಗೆ ನೋವು.

ಹಾಗಾದರೆ ಸರಿಯಾದ ದಾರಿ ಯಾವುದು? ಗಾಡಿ ಮಾರಿ, ಬಂದ ಹಣವನ್ನು ದಾನ ಕೊಡುವುದು.

ಉದಾಹರಣೆಗೆ ಗಾಡಿ 80,000 ರೂಪಾಯಿಗೆ ಹೋಯಿತು ಎನ್ನೋಣ. ಅಷ್ಟನ್ನೂ 80ಜಿ ಇರುವ ಟ್ರಸ್ಟಿಗೆ ಚೆಕ್ಕಿನಲ್ಲಿ ಕೊಟ್ಟರೆ ಸಾಮಾನ್ಯವಾಗಿ ಅರ್ಧ, ಅಂದರೆ 40,000 ಆದಾಯದಲ್ಲಿ ಕಳೆಯುತ್ತದೆ. 30 ಪರ್ಸೆಂಟ್ ಟ್ಯಾಕ್ಸ್ ಮತ್ತು ಅದರ ಮೇಲೆ 4 ಪರ್ಸೆಂಟ್ ಸೆಸ್ ಕಟ್ಟುವವರಿಗೆ ಉಳಿಯುವುದು 12,480 ರೂಪಾಯಿ. ಪ್ರಧಾನ ಮಂತ್ರಿ ರಾಷ್ಟ್ರೀಯ ಪರಿಹಾರ ನಿಧಿ, ಮುಖ್ಯಮಂತ್ರಿ ಪರಿಹಾರ ನಿಧಿಗಳಿಗೆ ಕೊಟ್ಟರೆ ಪೂರ್ತಿ ಮೊತ್ತ ಕಳೆಯುತ್ತದೆ. ಖಾಸಗಿ ಟ್ರಸ್ಟುಗಳಿಗೆ ಕೊಡುವುದರಲ್ಲಿ ಒಟ್ಟು ಆದಾಯದ ಹೆಚ್ಚುಕಡಿಮೆ ಹತ್ತನೇ ಒಂದು ಪಾಲಿನವರೆಗೆ ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ.

ಗಮನಿಸಬೇಕಾದ ವಿಷಯಗಳು:

1. ಗಲ್ಲೆಯಿಂದ ನಗದು ತೆಗೆದು ಕೊಡಬೇಡಿ. 2,000 ರೂಪಾಯಿಗಿಂತ ಹೆಚ್ಚಿನ ನಗದು ದಾನಕ್ಕೆ ರಿಯಾಯಿತಿ ಇಲ್ಲ.

2. ಬರೀ ರಸೀದಿ ಸಾಲದು. ಟ್ರಸ್ಟಿನವರು ನಮ್ಮ ಪಾನ್ ನಂಬರು ಸಹಿತ ಇಲಾಖೆಗೆ ಲೆಕ್ಕ ಕೊಟ್ಟು, ನಮಗೆ ಸರ್ಟಿಫಿಕೇಟು ಕೊಡಬೇಕೆಂಬ ನಿಯಮ 2021-22ರಿಂದ ಬಂದಿದೆ. ಚೆಕ್ಕು ಕೊಡುವ ಮೊದಲೇ ಇದನ್ನು ಕೇಳಿಕೊಳ್ಳಿ.

3. ಊರಿನ ಬ್ರಹ್ಮಕಲಶಕ್ಕೆ, ಜೀರ್ಣೋದ್ಧಾರಕ್ಕೆ ಕೊಟ್ಟದ್ದೆಲ್ಲ 80ಜಿಗೆ ಬರುವುದಿಲ್ಲ. ಆ ದೇವಸ್ಥಾನಕ್ಕೆ ಸರಕಾರದ ಮಾನ್ಯತೆ ಇರಬೇಕು.

4. ಹೊಸ ಪದ್ಧತಿಯಲ್ಲಿ ಟ್ಯಾಕ್ಸ್ ಕಟ್ಟುವವರಿಗೆ 80ಜಿ ಇಲ್ಲವೇ ಇಲ್ಲ. 2023-24ರಿಂದ ಸ್ವಂತ ಹೆಸರಿನಲ್ಲಿ ಹೋಟೆಲು ನಡೆಸುವವರು ತಾವಾಗಿ ಬೇಡ ಎನ್ನದಿದ್ದರೆ ಹೊಸ ಪದ್ಧತಿಯಲ್ಲೇ ಇರುತ್ತಾರೆ. ಪಾರ್ಟ್ನರ್‌ಶಿಪ್ ಫರ್ಮಿಗೆ ಆ ಪದ್ಧತಿ ಅನ್ವಯವಿಲ್ಲ, ಆದ್ದರಿಂದ ಫರ್ಮಿನ ಚೆಕ್ಕಿನಿಂದ ಕೊಟ್ಟ ದಾನಕ್ಕೆ ರಿಯಾಯಿತಿ ಕೇಳಬಹುದು.

5. ಗಾಡಿ ಫರ್ಮಿನ ಲೆಕ್ಕದಲ್ಲಿದ್ದರೆ ಮಾರುವ ಮೊದಲು ಸಿ.ಎ.ಗೆ ತಿಳಿಸಿ. ಮಾರಿದ ಹಣ ಸವಕಳಿ ಲೆಕ್ಕದಲ್ಲಿ ಕಳೆಯುತ್ತದೆ. ಪುಸ್ತಕದಲ್ಲಿ ಉಳಿದ ಬೆಲೆಗಿಂತ ಹೆಚ್ಚು ಬಂದರೆ ಆ ಹೆಚ್ಚಿನ ಭಾಗಕ್ಕೆ ಜಿ.ಎಸ್.ಟಿ. ಸಹ ಬರಬಹುದು.

6. ಮಾರಿದರೂ ಸರಿ, ದಾನ ಕೊಟ್ಟರೂ ಸರಿ, ಹೆಸರು ಬದಲಾವಣೆಯ ಫಾರಂ 29 ಮತ್ತು 30 ಸಹಿಯಾಗಿ ಆರ್.ಟಿ.ಓ.ಗೆ ಹೋಗಬೇಕು. ಅದೇ ರಾಜ್ಯದೊಳಗಾದರೆ 14 ದಿನ, ಬೇರೆ ರಾಜ್ಯಕ್ಕಾದರೆ 45 ದಿನದೊಳಗೆ ತಿಳಿಸುವ ಜವಾಬ್ದಾರಿ ಕೊಟ್ಟವರದ್ದು. ಮುಂಬಯಿಯ ಗಾಡಿಯನ್ನು ಊರಿನ ಶಾಲೆಗೆ ಕೊಡುವುದಾದರೆ ಇಲ್ಲಿಯ ಆರ್.ಟಿ.ಓ.ದಿಂದ ಎನ್.ಓ.ಸಿ. ಬೇಕು. ಸಾಲ ಇದ್ದರೆ ಬ್ಯಾಂಕಿನ ಕಾಗದವೂ ಬೇಕು.

ಗಾಡಿಯನ್ನೇ ಕೊಡಬಾರದು ಎಂದು ನಾವು ಹೇಳುವುದಿಲ್ಲ. ಮಕ್ಕಳನ್ನು ಆಸ್ಪತ್ರೆಗೆ ಕರೆದೊಯ್ಯಲು ಒಂದು ವ್ಯಾನ್ ಬೇಕು ಎಂದು ಆಶ್ರಮದವರೇ ಕೇಳಿದರೆ, ರಿಪೇರಿ ಮಾಡಿಸಿ, ವಿಮೆ ಕಟ್ಟಿ ಸಂತೋಷದಿಂದ ಕೊಡಿ. ಆದರೆ ಟ್ಯಾಕ್ಸ್ ಉಳಿಯುತ್ತದೆ ಎಂಬ ಆಸೆಯಿಂದ ಕೊಡಬೇಡಿ, ಮತ್ತು ಆರ್.ಸಿ.ಯಲ್ಲಿ ಅವರ ಹೆಸರು ಬರುವ ತನಕ ಕೀ ಕೊಡಬೇಡಿ. ನಮಗೆ ಬೇಡವಾದ, ಬ್ರೇಕು ಹಿಡಿಯದ ಗಾಡಿಯನ್ನು ಇನ್ನೊಬ್ಬರ ಬಾಗಿಲಲ್ಲಿ ನಿಲ್ಲಿಸಿ ಬರುವುದು ದಾನವಾಗುವುದಿಲ್ಲ. ಅಂಥದ್ದನ್ನು ಗುಜರಿಗೆ ಹಾಕಿ, ಬಂದ ಹಣದ ಚೆಕ್ಕು ಬರೆಯೋಣ.